ಡೆಟ್ರಾಯಿಟ್ ಡೌನ್‌ಟೌನ್ ನಿಜಕ್ಕೂ ಚೇತರಿಸಿಕೊಂಡಿದೆಯೇ, ಇಲ್ಲ ಬರೀ ಬಣ್ಣ ಬಳಿದಿದ್ದಾರೆಯೇ?

ಕೆಲಸದ ಮೇಲೆ ಮಿಷಿಗನ್‌ಗೆ ಬರುತ್ತಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಪಾಳುಬಿದ್ದ ಡೆಟ್ರಾಯಿಟ್‌ನ ಹಳೆಯ ಫೋಟೊಗಳನ್ನು ನಂಬಬೇಕೋ, ಹೊಳೆಯುವ ಗೋಪುರಗಳ ಹೊಸ ಫೋಟೊಗಳನ್ನು ನಂಬಬೇಕೋ ಎಂಬುದು ಒಂದು. ಡೌನ್‌ಟೌನ್‌ನಲ್ಲಿ ಮನೆ ಮಾಡಬಹುದೇ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ನನ್ನ ಉತ್ತರ: ಎರಡನ್ನೂ ನಂಬಿ, ಆದರೆ ಗೋಪುರ ನೋಡಿ ತೀರ್ಮಾನಕ್ಕೆ ಬರಬೇಡಿ. ನೆಲಮಹಡಿ ನೋಡಿ. ಪಾದಚಾರಿ ಮಾರ್ಗಕ್ಕೆ ತೆರೆದುಕೊಂಡ ಬಾಗಿಲು ಎಷ್ಟಿವೆ, ಬಾಗಿಲು-ಕಿಟಕಿಯಿಲ್ಲದ ಕುರುಡುಗೋಡೆ ಎಷ್ಟಿದೆ, ಪಾರ್ಕಿಂಗ್ ಎಷ್ಟಿದೆ ಎಂದು ನೋಡುತ್ತಾ ನಡೆಯಿರಿ. ಇಲ್ಲಿನ ಬಹಳಷ್ಟು ಕನ್ನಡಿಗರಂತೆ ನಾನೂ ಕಾರು ಉದ್ಯಮದಲ್ಲಿ ದುಡಿದು ಉಪನಗರದಲ್ಲಿ ಮಲಗುವವನು. ಹಳೆಯ ಕಟ್ಟಡಗಳ ಹುಚ್ಚೊಂದು ಅಂಟಿಕೊಂಡಿರುವುದರಿಂದ ರಜಾದಿನಗಳಲ್ಲಿ ಡೌನ್‌ಟೌನ್ ಸುತ್ತುತ್ತೇನೆ. ಊರಿನಿಂದ ಬಂದ ನೆಂಟರನ್ನೂ ಎಳೆದುಕೊಂಡು ಹೋಗಿ ಅವರ ಶಾಪಕ್ಕೆ ಗುರಿಯಾಗಿದ್ದೇನೆ.

1950ರಲ್ಲಿ ಈ ಊರಿನ ಜನಸಂಖ್ಯೆ ಹದಿನೆಂಟೂವರೆ ಲಕ್ಷ. 2020ರ ಗಣತಿಯಲ್ಲಿ 6,39,111. ಕಾರು ಕಾರ್ಖಾನೆಗಳು ಹೋದವು, ಬಿಳಿಯರು ಉಪನಗರಗಳಿಗೆ ಹೋದರು, ತೆರಿಗೆ ಹೋಯಿತು, 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಇದು ಎಲ್ಲರಿಗೂ ಗೊತ್ತಿರುವ ಕಥೆ. ಅಷ್ಟಾಗಿ ಗೊತ್ತಿಲ್ಲದ್ದು ಹಡ್ಸನ್ಸ್ ಅಂಗಡಿಯ ಕಥೆ.

ವುಡ್‌ವರ್ಡ್ ಅವೆನ್ಯೂದಲ್ಲಿದ್ದ ಹಡ್ಸನ್ಸ್ ಈ ದೇಶದ ಅತಿ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳಲ್ಲಿ ಒಂದು. 1954ರಲ್ಲಿ ಅದೇ ಸಂಸ್ಥೆ, ವಿಕ್ಟರ್ ಗ್ರೂನ್ ಎಂಬ ವಾಸ್ತುಶಿಲ್ಪಿಯಿಂದ, ನಗರದ ಗಡಿಯಾಚೆ ಸೌತ್‌ಫೀಲ್ಡ್‌ನಲ್ಲಿ ನಾರ್ತ್‌ಲ್ಯಾಂಡ್ ಎಂಬ ಮಾಲ್ ಕಟ್ಟಿಸಿತು. ಸುತ್ತಲೂ ಸಾವಿರಾರು ಕಾರು ನಿಲ್ಲಿಸುವಷ್ಟು ಜಾಗ. ಗಿರಾಕಿಗಳು ಅತ್ತ ತಿರುಗಿದರು, 1983ರಲ್ಲಿ ಡೌನ್‌ಟೌನ್‌ನ ಮೂಲ ಅಂಗಡಿಗೆ ಬೀಗ ಬಿತ್ತು. 1998ರ ಅಕ್ಟೋಬರ್ 24ರಂದು ಕಟ್ಟಡಕ್ಕೆ ಸ್ಫೋಟಕ ಇಟ್ಟು ಉರುಳಿಸಿದರು. ಅವಶೇಷಗಳು ಪಕ್ಕದ ಪೀಪಲ್ ಮೂವರ್ ರೈಲಿನ ಎತ್ತರಿಸಿದ ಹಳಿಯ ಮೇಲೂ ಬಿದ್ದು ಅದನ್ನೂ ಕೆಡಿಸಿದವು. ಆಮೇಲೆ ಎರಡು ದಶಕಗಳ ಕಾಲ ಆ ಆಯಕಟ್ಟಿನ ಜಾಗದಲ್ಲಿ ಇದ್ದದ್ದು ನೆಲದಡಿಯ ಪಾರ್ಕಿಂಗ್ ಮಾತ್ರ. ಅಂದಹಾಗೆ, ತಾಯಿ ಅಂಗಡಿಯನ್ನು ನುಂಗಿದ ನಾರ್ತ್‌ಲ್ಯಾಂಡ್ ತಾನೂ 2015ರಲ್ಲಿ ಮುಚ್ಚಿತು.

ನೀವು ಫೋಟೊದಲ್ಲಿ ನೋಡಿದ ಹೊಸ ಗೋಪುರ ಅಲ್ಲಿಯೇ ಎದ್ದಿದೆ. ಉದ್ಯಮಿ ಡ್ಯಾನ್ ಗಿಲ್ಬರ್ಟ್ ಅವರ ಬೆಡ್‌ರಾಕ್ ಸಂಸ್ಥೆ ಕಟ್ಟಿಸಿದ್ದು, ಎತ್ತರ 680 ಅಡಿಗಿಂತ ಹೆಚ್ಚು. ಕಾರು ಕಂಪನಿ ಜನರಲ್ ಮೋಟರ್ಸ್ (ಜಿಎಂ) ತನ್ನ ಪ್ರಧಾನ ಕಚೇರಿಯನ್ನು ಇಲ್ಲಿಗೆ ತರುವುದಾಗಿ 2024ರಲ್ಲಿ ಘೋಷಿಸಿತು. 2022ರಲ್ಲಿ ನಗರಸಭೆ ಈ ಯೋಜನೆಗೆ ಹತ್ತು ವರ್ಷಗಳಲ್ಲಿ ಸುಮಾರು 6 ಕೋಟಿ ಡಾಲರ್ ತೆರಿಗೆ ವಿನಾಯಿತಿ ಕೊಟ್ಟಾಗ ಊರಿನಲ್ಲಿ ದೊಡ್ಡ ಜಗಳವೇ ಆಯಿತು. ಬೀದಿದೀಪಕ್ಕೂ ಪರದಾಡಿದ ಬಡಾವಣೆಗಳ ಜನ ಸಿಟ್ಟಾದದ್ದರಲ್ಲಿ ತಪ್ಪೇನಿದೆ? ಆದರೂ ಕಟ್ಟಡ ಬೀದಿಗೆ ಮುಖ ಮಾಡಿ ನಿಂತಿದೆ ಎನ್ನುವುದನ್ನು ನಾನು ಒಪ್ಪುತ್ತೇನೆ. ಅದು ಎಷ್ಟು ದೊಡ್ಡ ವಿಷಯ ಎಂದು ತಿಳಿಯಬೇಕಾದರೆ ಜಿಎಂ ಬಿಟ್ಟುಬಂದ ರೆನೈಸಾನ್ಸ್ ಸೆಂಟರ್ ನೋಡಬೇಕು.

1967ರ ಗಲಭೆಯ ನಂತರ ಡೌನ್‌ಟೌನನ್ನು ಎತ್ತಿ ನಿಲ್ಲಿಸಲು ಎರಡನೆಯ ಹೆನ್ರಿ ಫೋರ್ಡ್ ಮುಂದಾಳತ್ವದಲ್ಲಿ, ಜಾನ್ ಪೋರ್ಟ್‌ಮನ್ ವಿನ್ಯಾಸದಲ್ಲಿ ನದಿದಂಡೆಯ ಮೇಲೆ ಕಟ್ಟಿದ ಗಾಜಿನ ಗೋಪುರಗಳು ಅವು. 1977ರಲ್ಲಿ ಆರಂಭವಾಯಿತು, ನಡುವಿನ ಹೋಟೆಲಿಗೆ 73 ಮಹಡಿ. ದೂರದಿಂದ ನೋಡಲು ಭವ್ಯ, ಸಿನಿಮಾದವರಿಗೂ ಪೋಸ್ಟ್‌ಕಾರ್ಡಿನವರಿಗೂ ಅಚ್ಚುಮೆಚ್ಚು. ಆದರೆ ಜೆಫರ್ಸನ್ ಅವೆನ್ಯೂ ಕಡೆಗೆ ಕೋಟೆಯ ಹಾಗೆ ಎತ್ತರದ ದಿಬ್ಬಗಳನ್ನು ಕಟ್ಟಿಕೊಂಡು ಊರಿಗೆ ಬೆನ್ನು ತೋರಿಸಿತು. ಕಾರಿನಲ್ಲಿ ಬಂದು, ಒಳಗೇ ಊಟ ಮಾಡಿ, ಒಳಗೇ ಅಂಗಡಿ ಸುತ್ತಿ, ಬೀದಿಗೆ ಕಾಲಿಡದೆ ಮನೆಗೆ ಹೋಗಬಹುದಿತ್ತು. ಊರಿನ ಹಳೆಯ ಕಚೇರಿಗಳಲ್ಲಿದ್ದ ಬಾಡಿಗೆದಾರರನ್ನು ಇದು ಸೆಳೆದುಕೊಂಡಿತು, ಬದಲಿಗೆ ಬೀದಿಗೆ ಏನೂ ಕೊಡಲಿಲ್ಲ. ಒಳಗೆ ದಾರಿ ತಪ್ಪದೆ ಓಡಾಡಿದವರನ್ನು ನಾನು ಇಂದಿಗೂ ಕಂಡಿಲ್ಲ. ದುಂಡನೆಯ ಕಾಂಕ್ರೀಟ್ ಸೇತುವೆಗಳಲ್ಲಿ ನಡೆದು ನಡೆದು ಹೊರಟಲ್ಲಿಗೇ ಬರುತ್ತೀರಿ. 1996ರಲ್ಲಿ ಜಿಎಂ ಅದನ್ನು, ಕಟ್ಟಲು ತಗುಲಿದ್ದ ಖರ್ಚಿನ ಸಣ್ಣದೊಂದು ಪಾಲಿಗೆ, ಕೊಂಡು, ದಿಬ್ಬಗಳನ್ನು ಕೆಡವಿಸಿ, ನದಿಯ ಕಡೆ ಗಾಜಿನ ಅಂಗಳ ತೆರೆಸಿತು. ಅದೂ ಸಾಲಲಿಲ್ಲ. 2024ರ ಕೊನೆಯಲ್ಲಿ ಜಿಎಂ ಮತ್ತು ಬೆಡ್‌ರಾಕ್ ಎರಡು ಗೋಪುರಗಳನ್ನು ಕೆಡವುವ ಪ್ರಸ್ತಾಪ ಮುಂದಿಟ್ಟಿವೆ. ಕೆಡವುವುದು ನನಗೆ ಇಷ್ಟವಿಲ್ಲ, ಆದರೆ ಏನು ಮಾಡಬೇಕು ಎಂದು ಕೇಳಿದರೆ ನನ್ನ ಬಳಿಯೂ ಒಳ್ಳೆಯ ಉತ್ತರವಿಲ್ಲ.

ಈಗ ಪಾರ್ಕಿಂಗ್ ವಿಷಯಕ್ಕೆ ಬರುತ್ತೇನೆ, ನನ್ನ ಹೊಟ್ಟೆಯುರಿ ಇರುವುದು ಅಲ್ಲಿಯೇ. ಬ್ಯಾಗ್ಲಿ ಬೀದಿಯಲ್ಲಿ ಮಿಷಿಗನ್ ಥಿಯೇಟರ್ ಎಂಬುದಿದೆ. 1926ರದು, ಸುಮಾರು ನಾಲ್ಕು ಸಾವಿರ ಆಸನಗಳಿದ್ದ ಅರಮನೆ. ಸುತ್ತಿಕೊಂಡಿರುವ ಕಚೇರಿ ಕಟ್ಟಡಕ್ಕೆ ಧಕ್ಕೆಯಾದೀತು ಎಂದು ಥಿಯೇಟರನ್ನು ಪೂರ್ತಿ ಕೆಡವಲಾಗದೆ, 1970ರ ದಶಕದಲ್ಲಿ ಒಳಗಿನದನ್ನೆಲ್ಲ ಕಿತ್ತು ಮೂರು ಹಂತದ ಪಾರ್ಕಿಂಗ್ ತುರುಕಿದರು. ತಲೆ ಎತ್ತಿದರೆ ಗಾರೆಯಲ್ಲಿ ಮೂಡಿಸಿದ ಹೂಬಳ್ಳಿ, ಚಿನ್ನದ ಬಣ್ಣ ಇನ್ನೂ ಮಾಸದ ಕಮಾನು, ಅರ್ಧಕ್ಕೆ ತುಂಡಾದ ಬಾಲ್ಕನಿ. ತಲೆ ತಗ್ಗಿಸಿದರೆ ಹಳದಿ ಗೆರೆ, ಎಂಜಿನ್ ಎಣ್ಣೆಯ ಕಲೆ. 1896ರಲ್ಲಿ ಹೆನ್ರಿ ಫೋರ್ಡ್ ತನ್ನ ಮೊದಲ ವಾಹನವನ್ನು ಜೋಡಿಸಿದ ಶೆಡ್ ಇದ್ದದ್ದೂ ಇದೇ ಜಾಗದಲ್ಲಿ. ಕಾರು ತಾನು ಹುಟ್ಟಿದ ಜಾಗಕ್ಕೆ ಬಾಡಿಗೆ ಕೊಟ್ಟು ವಾಪಸು ಬಂದಿದೆ ಎಂದು ನಾನು ನೆಂಟರಿಗೆ ಹೇಳುತ್ತೇನೆ, ಯಾರೂ ನಗುವುದಿಲ್ಲ.

ಥಿಯೇಟರಿನ ಗತಿ ಇದಾದರೆ, ಉಳಿದ ಎಷ್ಟೋ ಕಟ್ಟಡಗಳನ್ನು ಪೂರ್ತಿ ನೆಲಸಮ ಮಾಡಿ ಡಾಂಬರು ಹಾಕಿದರು. ಇದರ ಹಿಂದೆ ಲೆಕ್ಕಾಚಾರವಿದೆ. ಆಸ್ತಿ ತೆರಿಗೆ ಕಟ್ಟಡದ ಮೌಲ್ಯಕ್ಕೂ ಬೀಳುವುದರಿಂದ, ಕಟ್ಟಡ ಕೆಡವಿದರೆ ತೆರಿಗೆ ಇಳಿಯುತ್ತದೆ. ಖಾಲಿ ಜಾಗದಲ್ಲಿ ಕಾರು ನಿಲ್ಲಿಸಿಕೊಂಡು ಕ್ರೀಡಾ ಪಂದ್ಯಗಳ ದಿನ ದುಬಾರಿ ಶುಲ್ಕ ವಸೂಲಿ ಮಾಡುತ್ತಾ ಬೆಲೆ ಏರುವವರೆಗೆ ಕಾಯಬಹುದು. ನೆಲಕ್ಕೆ ಹೆಚ್ಚು ತೆರಿಗೆ, ಕಟ್ಟಡಕ್ಕೆ ಕಡಿಮೆ ತೆರಿಗೆ ಎಂಬ ಬದಲಾವಣೆಯನ್ನು ಆಗಿನ ಮೇಯರ್ ಮೈಕ್ ಡಗ್ಗನ್ 2023ರಲ್ಲಿ ಮುಂದಿಟ್ಟರು. ರಾಜ್ಯದ ಶಾಸನಸಭೆಯಲ್ಲಿ ಅದಕ್ಕೆ ಸಾಕಷ್ಟು ಬೆಂಬಲ ಸಿಗಲಿಲ್ಲ. ಐಸ್ ಹಾಕಿ ಮತ್ತು ಬಾಸ್ಕೆಟ್‌ಬಾಲ್‌ಗಾಗಿ 2017ರಲ್ಲಿ ತೆರೆದ ಲಿಟಲ್ ಸೀಸರ್ಸ್ ಅರೀನಾದ ಸುತ್ತ ಹೊಸ ಬಡಾವಣೆಗಳೇ ಏಳುತ್ತವೆ ಎಂದು ಹೇಳಲಾಗಿತ್ತು. ಅಲ್ಲಿ ಧಾರಾಳವಾಗಿ ಎದ್ದಿರುವುದು ಪಾರ್ಕಿಂಗ್.

ಡೌನ್‌ಟೌನ್‌ನ ಪೂರ್ವ ಅಂಚಿನಲ್ಲಿ ಬ್ಲ್ಯಾಕ್ ಬಾಟಮ್ ಎಂಬ ಕರಿಯರ ಬಡಾವಣೆ ಇತ್ತು. ‘ನಗರ ನವೀಕರಣ’ದ ಹೆಸರಿನಲ್ಲಿ ಅದನ್ನು ಕೆಡವಿದರು. ಅಂಗಡಿ, ಸಂಗೀತದ ಕ್ಲಬ್ಬುಗಳಿಂದ ತುಂಬಿದ್ದ ಹೇಸ್ಟಿಂಗ್ಸ್ ಬೀದಿಯ ಮೇಲೆ ಹೆದ್ದಾರಿ ಬಂತು. ಒಂದು ಪಾಲು ನೆಲದಲ್ಲಿ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ವಿನ್ಯಾಸದ ಲಫಯೆಟ್ ಪಾರ್ಕ್ ಎಂಬ ವಸತಿ ಬಡಾವಣೆ ಎದ್ದಿತು. ಮರಗಳ ನಡುವೆ ಕುಳಿತ ಆ ಗಾಜಿನ ಸಾಲುಮನೆಗಳು ಈ ಊರಿನಲ್ಲಿ ನನಗೆ ಅತ್ಯಂತ ಪ್ರಿಯವಾದ ವಾಸ್ತುಶಿಲ್ಪ. ಅಲ್ಲಿ ನಡೆಯುವಾಗ ಯಾರ ಮನೆ ಉರುಳಿಸಿದ ಜಾಗವಿದು ಎಂಬುದು ಮನಸ್ಸಿನಿಂದ ಹೋಗುವುದಿಲ್ಲ.

ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣವನ್ನು ತಪ್ಪದೆ ನೋಡಿ. 1913ರಲ್ಲಿ ಡೌನ್‌ಟೌನ್‌ನಿಂದ ತುಸು ದೂರದಲ್ಲಿ, ಟ್ರಾಮ್‌ಗಳನ್ನು ನಂಬಿ ಕಟ್ಟಿದರು. 1956ರ ಹೊತ್ತಿಗೆ ಊರಿನ ಟ್ರಾಮ್‌ಗಳೆಲ್ಲ ನಿಂತವು, 1988ರಲ್ಲಿ ಕೊನೆಯ ರೈಲು ಹೋಯಿತು, 2009ರಲ್ಲಿ ನಗರಸಭೆ ಕೆಡವಲು ನಿರ್ಣಯ ಮಾಡಿತು, ಪುಣ್ಯಕ್ಕೆ ಕೆಡವಲಿಲ್ಲ. 2018ರಲ್ಲಿ ಫೋರ್ಡ್ ಕೊಂಡುಕೊಂಡು 2024ರ ಜೂನ್‌ನಲ್ಲಿ ತೆರೆಯಿತು. ಹಿಂದೆ ಕದ್ದುಕೊಂಡು ಹೋಗಿದ್ದ ಗಡಿಯಾರವನ್ನು ಯಾರೋ ಹೆಸರು ಹೇಳದೆ ಫೋನ್ ಮಾಡಿ ವಾಪಸು ಇಟ್ಟುಹೋದರು. ಗೋಡೆಯ ಮೇಲಿನ ಗೀಚುಬರಹವನ್ನೂ ಅಲ್ಲಲ್ಲಿ ಉಳಿಸಿದ್ದಾರೆ, ಜಾಣತನ. ನಿಲ್ದಾಣದಲ್ಲಿ ಎಲ್ಲವೂ ಇದೆ, ರೈಲು ಮಾತ್ರ ಇಲ್ಲ.

ಇನ್ನು ಮನೆಯ ಪ್ರಶ್ನೆ. ಒಬ್ಬರೇ ಅಥವಾ ಇಬ್ಬರೇ ಆದರೆ ಒಂದು ವರ್ಷ ಡೌನ್‌ಟೌನ್‌ನಲ್ಲಿ ಬಾಡಿಗೆಗೆ ಇದ್ದು ನೋಡಿ. ಹಳೆಯ ಕಚೇರಿಗಳನ್ನು ಅಪಾರ್ಟ್‌ಮೆಂಟ್ ಮಾಡಿದ ಬುಕ್ ಟವರ್‌ನಂಥ ಕಟ್ಟಡಗಳ ಎತ್ತರದ ಚಾವಣಿ, ದೊಡ್ಡ ಕಿಟಕಿ ಉಪನಗರದಲ್ಲಿ ಸಿಗದು. ಶಾಲೆಗೆ ಹೋಗುವ ಮಕ್ಕಳಿದ್ದರೆ ನಮ್ಮೆಲ್ಲರಂತೆ ನೋವೈ, ಟ್ರಾಯ್ ಉಪನಗರಗಳ ಕಡೆಗೇ ಹೋಗುತ್ತೀರಿ. ಸೋನಾಮಸೂರಿ, ತೊಗರಿಬೇಳೆಯ ಅಂಗಡಿಗಳೂ ಆ ಕಡೆಯೇ. ಎಲ್ಲಿ ಮನೆ ಮಾಡಿದರೂ ಕಾರು ಬೇಕೇ ಬೇಕು. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಪಾರ್ಕಿಂಗ್ ಶುಲ್ಕ ಅದರಲ್ಲಿ ಸೇರಿದೆಯೇ ಎಂದು ಕೇಳಿಕೊಳ್ಳಿ.