ಸ್ವಾಲೊ ಎಂದಲ್ಲೆಲ್ಲ ‘ನುಂಗು’ ಹೊಂದುವುದಿಲ್ಲ

ನಮಸ್ಕಾರ. ‘ಶಿ ಸ್ವಾಲೋಡ್ ಹಿಸ್ ಸ್ಟೋರಿ’ ಎಂಬುದನ್ನು ‘ಅವನ ಕಥೆಯನ್ನು ಅವಳು ನುಂಗಿದಳು’ ಎಂದು ಅನುವಾದಿಸಬಹುದೇ ಎಂದು ಕೇಳಿದ್ದೀರಿ. ಬೇಡ ಎಂಬುದು ನನ್ನ ಅಭಿಪ್ರಾಯ. ಇಂಗ್ಲಿಷಿನವರ ಮನಸ್ಸಿನಲ್ಲಿರುವುದು ಅಗಿಯದೆ ಗಂಟಲಿಗಿಳಿಸಿದ ತುತ್ತು, ಅಂದರೆ ಹಿಂದುಮುಂದು ನೋಡದೆ ನಂಬಿದ ಮಾತು. ನಮ್ಮ ‘ನುಂಗು’ ಹೇಳುವುದು ಹೊರಗೆ ಕಾಣದಂತೆ ಮಾಡುವುದನ್ನು: ದುಃಖ ನುಂಗುತ್ತೇವೆ, ನಾಲಿಗೆಯ ತುದಿಗೆ ಬಂದ ಮಾತು ನುಂಗುತ್ತೇವೆ, ಪರರ ಹಣ ನುಂಗಿದವರನ್ನು ದೂರುತ್ತೇವೆ. ನಿಮ್ಮ ವಾಕ್ಯ ಓದಿದವರು ಅವಳು ವಿಷಯವನ್ನು ಮುಚ್ಚಿಟ್ಟಳೆಂದು ತಿಳಿದಾರು. ‘ಅವನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ನಂಬಿದಳು’ ಎಂದರೆ ಸಾಕು. ಅವಮಾನದ ಮಾತು ಬಂದಾಗ ಎರಡೂ ಭಾಷೆಗಳು ಒಂದೇ ದಾರಿಯಲ್ಲಿ ನಡೆಯುತ್ತವೆ. ಅಲ್ಲಿ ‘ನುಂಗಿಕೊಂಡಳು’ ಎಂದು ಧೈರ್ಯವಾಗಿ ಬರೆಯಿರಿ.

ಊಟಕ್ಕೆ ಸಂಬಂಧಿಸಿದ ಇಂಥ ಬೇರೆ ಪದಗಳಲ್ಲೂ ಇದೇ ತೊಡಕಿದೆ. ‘ಸ್ಟಮಕ್’ (ಹೊಟ್ಟೆ) ಕ್ರಿಯಾಪದವಾದಾಗ ಇನ್ನಷ್ಟು ಎಚ್ಚರ ಬೇಕು. ಇದರ ಹಿಂದಿರುವ ಲ್ಯಾಟಿನ್ ಕ್ರಿಯಾಪದಕ್ಕೆ ಸಿಟ್ಟಾಗು ಎಂಬ ಅರ್ಥವಿತ್ತು, ಹಳೆಯ ಇಂಗ್ಲಿಷ್ ಬಳಕೆಯಲ್ಲೂ ಅದು ಅಸಮಾಧಾನವನ್ನೇ ಸೂಚಿಸುತ್ತಿತ್ತು. ಇಂದು ಅದರ ಅರ್ಥ ಸಹಿಸು ಎಂದು, ಅದೂ ಹೆಚ್ಚಾಗಿ ‘ಸಹಿಸಲಾರೆ’ ಎಂಬ ನಿಷೇಧದಲ್ಲಿ. ನಾವು ‘ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ’ ಎಂದಾಗ ಕೇಳುವುದು ಕ್ಷಮೆಯನ್ನು. ಸಹನೆಯೇ ಬೇರೆ, ಕ್ಷಮೆಯೇ ಬೇರೆ.

ನನ್ನನ್ನು ಹೆಚ್ಚು ಕಾಡಿದ ಪದ ‘ರೂಮಿನೇಟ್’. ಹಸು ಮೆಲುಕು ಹಾಕುವುದೇ ಇದರ ಮೂಲವಾದ್ದರಿಂದ, ತನ್ನ ತಪ್ಪನ್ನು ನೆನೆದು ರಾತ್ರಿಯಿಡೀ ನಿದ್ದೆಗೆಟ್ಟ ಪಾತ್ರವೊಂದರ ಬಗ್ಗೆ ನಾನು ‘ಮೆಲುಕು ಹಾಕುತ್ತಿದ್ದಳು’ ಎಂದು ಬರೆದಿದ್ದೆ. ಕರಡನ್ನು ಗಟ್ಟಿಯಾಗಿ ಓದಿದಾಗ ಆ ಹೆಂಗಸು ಸವಿನೆನಪಿನಲ್ಲಿ ತೇಲುತ್ತಿರುವಂತೆ ಕೇಳಿಸಿತು. ಕನ್ನಡದಲ್ಲಿ ಮೆಲುಕು ಹಾಕುವುದು ಸಾಮಾನ್ಯವಾಗಿ ಸಿಹಿಯಾದುದನ್ನು. ಇಂಗ್ಲಿಷಿನ ಪದ ಬರಿಯ ಆಳವಾದ ಚಿಂತನೆಯನ್ನೂ ಹೇಳುತ್ತದೆ, ಮನಶ್ಶಾಸ್ತ್ರದ ಬರಹಗಳಲ್ಲಿ ಬಿಡದೆ ಕೊರೆಯುವ ಯೋಚನೆಯನ್ನೂ ಹೇಳುತ್ತದೆ. ಕೊನೆಗೆ ‘ಅದೇ ಅವಳ ಮನಸ್ಸನ್ನು ಕೊರೆಯುತ್ತಿತ್ತು’ ಎಂದು ತಿದ್ದಿದೆ.

‘ಡಿವೌರ್’ (ಗಬಗಬನೆ ತಿನ್ನು) ಸುಲಭ, ಪುಸ್ತಕದ ಬಗ್ಗೆ ಬಂದಾಗ ಅದನ್ನು ಒಂದೇ ಉಸಿರಿಗೆ ಓದಿ ಮುಗಿಸಿದನು ಎಂದರಾಯಿತು.

ನಿಮ್ಮ ಎರಡನೆಯ ವಾಕ್ಯದಲ್ಲಿ ವರದಿಯನ್ನು ‘ಡೈಜೆಸ್ಟ್’ ಮಾಡಲು ಒಂದು ದಿನ ಕೇಳಲಾಗಿದೆ. ಈ ಪದದ ಲ್ಯಾಟಿನ್ ಮೂಲದಲ್ಲಿ ಬಿಡಿಸಿ ವಿಂಗಡಿಸುವ ಅರ್ಥವಿದೆ. ರೋಮನ್ ಚಕ್ರವರ್ತಿ ಜಸ್ಟಿನಿಯನ್ 533ರಲ್ಲಿ ಜಾರಿಗೆ ತಂದ ಕಾನೂನು ಸಂಗ್ರಹಕ್ಕೆ ‘ಡೈಜೆಸ್ಟ್’ ಎಂಬ ಹೆಸರು ಬಂದದ್ದೂ ಅದರಿಂದಲೇ. ನಮ್ಮಲ್ಲಿ ‘ಅರಗಿಸಿಕೊಳ್ಳು’ ಎಂದೊಡನೆ ಕಹಿಯಾದ ಸತ್ಯದ ನೆರಳು ಬೀಳುತ್ತದೆ. ವರದಿಯಲ್ಲಿ ಆಘಾತಕಾರಿ ಸುದ್ದಿಯಿದ್ದರೆ ಅದನ್ನೇ ಉಳಿಸಿಕೊಳ್ಳಿ. ಬರೀ ಅಂಕಿಅಂಶಗಳಿದ್ದರೆ ‘ಓದಿ ಮನನ ಮಾಡಿಕೊಳ್ಳಲು ಒಂದು ದಿನ ಕೊಡಿ’ ಎಂದು ಬರೆಯಿರಿ.