ಎಸ್‌ಎಸಿಡಿನಾ, ಡಿವಿಡಿ-ಆಡಿಯೋನಾ, ಬ್ಲೂ-ರೇನಾ: ಯಾವುದಕ್ಕೆ ದುಡ್ಡು ಹಾಕೋದು?

ಮುಂಬೈ ಪಕ್ಕದ ಠಾಣೆಯಲ್ಲಿ ಮನೆ, ಹಾಲ್‌ನಲ್ಲಿ ಒಂದು ಜೊತೆ ಸ್ಪೀಕರ್, ಒಂದು ಆಂಪ್ಲಿಫೈಯರ್, 200 ಚಿಲ್ಲರೆ ಸಿಡಿ ಇದೆ, 60 ಸಾವಿರದೊಳಗೆ, ಸಿಡಿಗಿಂತ ಹೆಚ್ಚು ಮಾಹಿತಿ ಹಿಡಿಸೋ ಡಿಸ್ಕ್‌ಗಳಾದ ಎಸ್‌ಎಸಿಡಿ, ಡಿವಿಡಿ-ಆಡಿಯೋ, ಬ್ಲೂ-ರೇ ಆಡಿಯೋ ಮೂರರಲ್ಲಿ ಯಾವುದಕ್ಕೆ ಹೋಗಲಿ, ಕಿವಿಗೆ ನಿಜವಾಗ್ಲೂ ವ್ಯತ್ಯಾಸ ಗೊತ್ತಾಗುತ್ತಾ ಅಂತ ಕೇಳಿದೀರಿ. ನಾನು ಡೊಂಬಿವಿಲಿಯವನು, ಮೂಲ ಹುಬ್ಬಳ್ಳಿ ಕಡೆ, ಅಪ್ಪ ಕೆಲಸಕ್ಕೆ ಅಂತ ಬಂದು ಇಲ್ಲೇ ಉಳ್ಕೊಂಡ್ರು. ಈ ಹುಚ್ಚಿಗೆ ಹನ್ನೆರಡು ವರ್ಷದಿಂದ ಎಷ್ಟು ಸುರಿದಿದೀನಿ ಅನ್ನೋ ಲೆಕ್ಕ ಮನೇಲಿ ಗೊತ್ತಾಗಬಾರದು, ಅದಕ್ಕೆ ಹೆಸರು ಹಾಕ್ದೆ ಬರೀತಿದೀನಿ.

ಮೊದಲೇ ಹೇಳಿಬಿಡ್ತೀನಿ. ಎರಡೇ ಸ್ಪೀಕರ್‌ನಲ್ಲಿ ಕೇಳೋರು ನೀವು ಅಂದ್ರೆ ಫಾರ್ಮ್ಯಾಟ್ ನೋಡಿ ತಗೋಬೇಡಿ, ಆ ಡಿಸ್ಕಿಗೆ ಮಾಸ್ಟರಿಂಗ್, ಅಂದ್ರೆ ಡಿಸ್ಕಿಗೆ ಹಾಕೋ ಮುಂಚೆ ಸದ್ದನ್ನ ಕೊನೇ ಸಲ ಹದ ಮಾಡೋ ಕೆಲಸ, ಹೇಗೆ ಮಾಡಿದಾರೆ ಅನ್ನೋದು ನೋಡಿ ತಗೊಳ್ಳಿ. ಇದು ಅಂಗಡಿಯವನು ಹೇಳಲ್ಲ, ನಾನೂ ದುಡ್ಡು ಕಳ್ಕೊಂಡ ಮೇಲೇ ಕಲಿತದ್ದು.

ಸಿಡಿ ಬಂದಿದ್ದು 1982ರಲ್ಲಿ, 16 ಬಿಟ್, ಸೆಕೆಂಡಿಗೆ 44,100 ಸ್ಯಾಂಪಲ್, ಅಂದ್ರೆ ಸೆಕೆಂಡಿಗೆ ಅಷ್ಟು ಸಲ ಸದ್ದನ್ನ ಅಳೆದು ಒಂದೊಂದು ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿಡೋದು. 16 ಬಿಟ್ ಅಂದ್ರೆ ಅತಿ ಸಣ್ಣ ಸದ್ದಿಗೂ ಅತಿ ದೊಡ್ಡ ಸದ್ದಿಗೂ ನಡುವೆ ಸುಮಾರು 96 ಡೆಸಿಬಲ್ ಅಂತರ ಹಿಡಿಸುತ್ತೆ. ನಮ್ಮ ಹಾಲ್‌ನಲ್ಲಿ ಒಂದಿನ ಮೊಬೈಲ್ ಇಟ್ಟು ಅಳೆದೆ, ಫ್ಯಾನ್ ಎರಡರಲ್ಲಿ ಇಟ್ರೆ 42 ಡೆಸಿಬಲ್, ಕಿಟಕಿ ತೆಗೆದಿದ್ದು ಲೋಕಲ್ ರೈಲು ಹೋದ್ರೆ 60ರ ಹತ್ರ. ಪಕ್ಕದ ಮನೆಯವರು ಬಾಗಿಲು ಬಡಿಯೋ ಮಟ್ಟಕ್ಕೆ ಜೋರು ಮಾಡಿದ್ರೂ 90 ದಾಟಿಸಕ್ಕೆ ಆಗಲ್ಲ. ಅಂದ್ರೆ ನನಗೆ ಸಿಗೋದು ಹೆಚ್ಚುಕಮ್ಮಿ 48 ಡೆಸಿಬಲ್, ಸಿಡಿ ಕೊಡೋದರಲ್ಲಿ ಅರ್ಧ. ಇಂಥ ಕಡೆ 24 ಬಿಟ್ ಹಾಕಿ 144 ಡೆಸಿಬಲ್ ಅಂತ ಕುಣಿದಾಡಿದ್ರೆ ಏನು ಬಂತು? ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡೋರಿಗೆ, ಮಿಕ್ಸ್ ಮಾಡೋರಿಗೆ 24 ಬಿಟ್ ಬೇಕೇ ಬೇಕು, ಲೆವೆಲ್ ಸ್ವಲ್ಪ ಕಡಿಮೆ ಇಟ್ಕೊಂಡು ನಿಶ್ಚಿಂತೆಯಿಂದ ಕೆಲಸ ಮಾಡಬಹುದು, ಅದು ಬೇರೆ ಮಾತು. 44,100 ಸ್ಯಾಂಪಲ್‌ಗೆ 22 ಕಿಲೋಹರ್ಟ್ಸ್ ತನಕದ ಕೀರಲು ಸ್ವರವೂ ಸಿಗುತ್ತೆ, ನನಗೆ ಈಗ 46, ಫೋನಿನಲ್ಲಿ ಟೋನ್ ಹಾಕಿ ನೋಡಿದ್ರೆ 13 ಕಿಲೋಹರ್ಟ್ಸ್ ಮೇಲೆ ಏನೂ ಕೇಳಿಸಲ್ಲ, ಮಗಳು ಮಾತ್ರ ಪಕ್ಕದ ರೂಮಿಂದ ಆಫ್ ಮಾಡಪ್ಪಾ ಅಂತ ಕೂಗ್ತಾಳೆ.

ಎಸ್‌ಎಸಿಡಿ ಸೋನಿ-ಫಿಲಿಪ್ಸ್ ಅವರದ್ದು, 1999ರಲ್ಲಿ ಬಂತು. ಇದರಲ್ಲಿ 16 ಬಿಟ್ಟೂ ಇಲ್ಲ 24 ಬಿಟ್ಟೂ ಇಲ್ಲ, ಒಂದೇ ಬಿಟ್, ಆದ್ರೆ ಸೆಕೆಂಡಿಗೆ 28 ಲಕ್ಷ 22 ಸಾವಿರದ 400 ಸಲ, ಅಂದ್ರೆ ಸಿಡಿಯ ಸ್ಯಾಂಪಲ್ ದರದ 64 ಪಟ್ಟು. ಡಿಎಸ್‌ಡಿ ಅಂತಾರಲ್ಲ ಅದೇ ಇದು. ಒಂದೇ ಬಿಟ್ ಇರೋದ್ರಿಂದ ಗದ್ದಲ ಸಿಕ್ಕಾಪಟ್ಟೆ, ಆ ಗದ್ದಲವನ್ನ ಕಿವಿಗೆ ಕೇಳದ ಮೇಲಿನ ಫ್ರೀಕ್ವೆನ್ಸಿಗೆ ತಳ್ಳಿರ್ತಾರೆ, ಮನೆಯ ಕಸ ಗುಡಿಸಿ ಅಟ್ಟದ ಮೇಲೆ ಹಾಕಿದ ಹಾಗೆ. ಇನ್ನೊಂದು ತಮಾಷೆ, ಡಿಎಸ್‌ಡಿಯನ್ನ ನೇರವಾಗಿ ಎಡಿಟ್ ಮಾಡೋದು ತುಂಬಾ ಕಷ್ಟ, ಅದಕ್ಕೇ ಎಷ್ಟೋ ರೆಕಾರ್ಡಿಂಗ್ ಪಿಸಿಎಂನಲ್ಲಿ, ಅಂದ್ರೆ ಸಿಡಿಯಲ್ಲಿರೋ ಥರದ ರೀತಿಯಲ್ಲೇ, ಎಡಿಟ್ ಆಗಿ ಕೊನೆಗೆ ಡಿಎಸ್‌ಡಿ ವೇಷ ಹಾಕ್ಕೊಂಡು ಬರುತ್ತೆ. ಡಿಎಸ್‌ಡಿ ಅಂದ್ರೆ ಅನಲಾಗ್ ಥರಾ ಮೆತ್ತಗೆ ಅನ್ನೋರು ಸಿಕ್ರೆ ಈ ವಿಷಯ ಎತ್ತಿ ನೋಡಿ.

ಎಸ್‌ಎಸಿಡಿಯಲ್ಲಿ ನನಗೆ ಇಷ್ಟ ಆಗೋದು ಹೈಬ್ರಿಡ್ ಡಿಸ್ಕ್. ಒಂದೇ ತಟ್ಟೆಯಲ್ಲಿ ಎರಡು ಪದರ, ಒಂದು ಮಾಮೂಲಿ ಸಿಡಿ, ಇನ್ನೊಂದು 4.7 ಜಿಬಿ ಹಿಡಿಸೋ ಡಿಎಸ್‌ಡಿ ಪದರ. ಕಾರಿನ ಹಳೆ ಪ್ಲೇಯರ್‌ಗೆ ಹಾಕಿದ್ರೂ ಹಾಡುತ್ತೆ.

ಆ ಹೈಬ್ರಿಡ್ ಡಿಸ್ಕ್ ಇಟ್ಕೊಂಡೇ ನಾನು ಪರೀಕ್ಷೆ ಮಾಡಿದ್ದು. ಭಾನುವಾರ ಮಧ್ಯಾಹ್ನ, ಹೆಂಡ್ತಿ ಕೈಗೆ ರಿಮೋಟ್ ಕೊಟ್ಟೆ, ನಾನು ಪ್ಲೇಯರ್‌ಗೆ ಬೆನ್ನು ಹಾಕಿ ಕೂತೆ, ಅವಳು ನಾಣ್ಯ ಚಿಮ್ಮಿ ಯಾವುದೋ ಒಂದು ಪದರ ಹಾಕೋದು, ನಾನು ಇದು ಎಸ್‌ಎಸಿಡಿ ಇದು ಸಿಡಿ ಅನ್ನೋದು. ಮೊದಲ 10ರಲ್ಲಿ 9 ಸರಿ! ನಾನು ಮೀಸೆ ತಿರುವ್ತಾ ಇದ್ದೆ. ಆಮೇಲೆ ಅನುಮಾನ ಬಂದು ಎರಡರ ಲೆವೆಲ್ ಅಳೆದು ನೋಡಿದ್ರೆ ಸಿಡಿ ಪದರ 3 ಡೆಸಿಬಲ್ ಜೋರಾಗಿದೆ, ತಬಲಾ ಪೆಟ್ಟುಗಳನ್ನೆಲ್ಲ ಒತ್ತಿ ಚಪ್ಪಟೆ ಮಾಡಿ ಒಟ್ಟಾರೆ ಸದ್ದು ಏರಿಸಿದಾರೆ. ನಾನು ಗುರುತು ಹಿಡೀತಿದ್ದದ್ದು ಅದನ್ನ, ಫಾರ್ಮ್ಯಾಟ್‌ನ ಅಲ್ಲ. ಎರಡೂ ಪದರಕ್ಕೆ ಒಂದೇ ಮಾಸ್ಟರ್ ಬಳಸಿದ್ದ ಇನ್ನೊಂದು ಡಿಸ್ಕ್ ಹಾಕಿ ವಾಲ್ಯೂಮ್ ಸಮ ಮಾಡ್ಕೊಂಡು 20 ಸಲ ಕೇಳಿದೆ, 11 ಸರಿ. ಕಣ್ಣು ಮುಚ್ಕೊಂಡು ಕಲ್ಲು ಹೊಡೆದ್ರೂ 10 ಬೀಳುತ್ತೆ. ಹೆಂಡ್ತಿ ರಿಮೋಟ್ ಇಟ್ಟು, ಇಷ್ಟಕ್ಕಾ 80 ಸಾವಿರ, ಅಂದು ಚಹಾ ಮಾಡಕ್ಕೆ ಎದ್ದು ಹೋದ್ಲು.

ನಂದು ಮನೆ ಮಟ್ಟದ ಆಟ. ಆದ್ರೆ 2007ರಲ್ಲಿ ಮೇಯರ್ ಮತ್ತು ಮೊರಾನ್ ಅನ್ನೋರು ಆಡಿಯೋ ಎಂಜಿನಿಯರಿಂಗ್ ಸೊಸೈಟಿ ಪತ್ರಿಕೇಲಿ ಇದನ್ನೇ ದೊಡ್ಡದಾಗಿ ಮಾಡಿ ಬರೆದಿದಾರೆ. ಒಳ್ಳೆ ಸಿಸ್ಟಂನಲ್ಲಿ ಎಸ್‌ಎಸಿಡಿ, ಡಿವಿಡಿ-ಆಡಿಯೋ ಹಾಕಿ, ಮಧ್ಯದಲ್ಲಿ ಅದನ್ನ 16 ಬಿಟ್ 44.1ಕ್ಕೆ ಇಳಿಸೋ ಪೆಟ್ಟಿಗೆ ಇಟ್ಟು, ಈಗ ಪೆಟ್ಟಿಗೆ ಇದೆಯಾ ಇಲ್ವಾ ಹೇಳಿ ಅಂದ್ರು. 554 ಸಲದಲ್ಲಿ 276 ಸರಿ, ಅಂದ್ರೆ ಅರ್ಧಕ್ಕೂ ಒಂದು ಕಡಿಮೆ. ಅದೇ ಲೇಖನದಲ್ಲಿ ಅವರೇ ಇನ್ನೊಂದು ಮಾತೂ ಹೇಳಿದಾರೆ, ಈ ಡಿಸ್ಕ್‌ಗಳು ಮಾಮೂಲಿ ಸಿಡಿಗಿಂತ ಚೆನ್ನಾಗಿ ಕೇಳಿಸೋದು ಹೌದು, ಯಾಕಂದ್ರೆ ಅವನ್ನ ಮಾಡೋರು ಹೆಚ್ಚು ಮುತುವರ್ಜಿಯಿಂದ ಮಾಡಿರ್ತಾರೆ ಅಂತ. ನಾನು ಮೇಲೆ ಮಾಸ್ಟರಿಂಗ್ ಅಂತ ಹೊಡ್ಕೊಂಡಿದ್ದು ಇದಕ್ಕೇ. 2016ರಲ್ಲಿ ರೈಸ್ ಅನ್ನೋರು ಇಂಥ ಹಳೆ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಹಾಕಿ ಲೆಕ್ಕ ಮಾಡಿ ಸಣ್ಣ ವ್ಯತ್ಯಾಸ ಗೊತ್ತಾಗುತ್ತೆ ಅಂದಿದಾರೆ, ಆದ್ರೆ ಅದೂ ನೂರಕ್ಕೆ 50 ಸರಿ ಬೀಳೋ ಕಡೆ 52 ಬಿತ್ತು ಅನ್ನೋಷ್ಟೇ.

ಡಿವಿಡಿ-ಆಡಿಯೋ ಬಗ್ಗೆ ಜಾಸ್ತಿ ಹೇಳಲ್ಲ. 2000ದಲ್ಲಿ ಬಂತು, ಕಾಗದದ ಮೇಲೆ ಸಿಂಹ, ಸ್ಟೀರಿಯೋದಲ್ಲಿ 24 ಬಿಟ್ 192 ಕಿಲೋಹರ್ಟ್ಸ್, 5.1ರಲ್ಲಿ (ಸುತ್ತ ಐದು ಸ್ಪೀಕರ್, ಜೊತೆಗೆ ಒಂದು ಬಾಸ್ ಸ್ಪೀಕರ್) 24 ಬಿಟ್ 96. ಆದ್ರೆ ಎಷ್ಟೋ ಡಿಸ್ಕ್‌ನಲ್ಲಿ ಹಾಡು ಹಾಕ್ಬೇಕು ಅಂದ್ರೆ ಟಿವಿ ಆನ್ ಮಾಡಿ ಮೆನು ನೋಡ್ಬೇಕು, ರಾತ್ರಿ ಹತ್ತಕ್ಕೆ ಯಮನ್ ರಾಗ ಕೇಳೋಣ ಅಂತ ಕೂತ್ರೆ ಅಮ್ಮ ಯಾವ ಸೀರಿಯಲ್ಲಪ್ಪಾ ಅಂತ ಬಂದು ಕೂರ್ತಾರೆ. ಹತ್ತು ವರ್ಷ ತುಂಬೋದರೊಳಗೆ ಹೊಸ ಡಿಸ್ಕ್ ಬರೋದೇ ಹೆಚ್ಚುಕಮ್ಮಿ ನಿಂತುಹೋಯ್ತು. ಎಸ್‌ಎಚ್‌ಎಂ-ಸಿಡಿ ಅಂತ ಜಪಾನಿಂದ ಬರುತ್ತೆ ನೋಡಿ, ಅದಕ್ಕೂ ಮರುಳಾಗ್ಬೇಡಿ, ಪ್ಲಾಸ್ಟಿಕ್ ಮಾತ್ರ ಬೇರೆ, ಒಳಗಿರೋದು ಅದೇ 16 ಬಿಟ್.

ಬ್ಲೂ-ರೇ ಆಡಿಯೋ ನನ್ನ ಪ್ರಕಾರ ಈ ಮೂರರಲ್ಲಿ ಜಾಣರ ಫಾರ್ಮ್ಯಾಟ್. ಒಂದು ಪದರಕ್ಕೆ 25 ಜಿಬಿ, ಸ್ಟೀರಿಯೋ, 5.1, ತಲೆ ಮೇಲಿಂದಲೂ ಸದ್ದು ಬರಿಸೋ ಅಟ್ಮಾಸ್ ಎಲ್ಲ ಒಂದೇ ಡಿಸ್ಕ್‌ನಲ್ಲಿ, ಯಾವ ಬ್ಲೂ-ರೇ ಪ್ಲೇಯರ್‌ನಲ್ಲಾದ್ರೂ ಹಾಡುತ್ತೆ, ವಿಶೇಷ ಯಂತ್ರ ಬೇಡ.

ಈ ಡಿಸ್ಕ್‌ಗಳಿಂದ ಸಿಡಿ ಕೊಡಲಾರದ್ದು ಏನಾದ್ರೂ ನಿಜವಾಗಿ ಸಿಗುತ್ತೆ ಅಂದ್ರೆ ಅದು ಸರೌಂಡ್. ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಭಾವನ ಮನೇಲಿ ಐದು ಸ್ಪೀಕರ್ ಇದೆ, ಅಲ್ಲಿ ಒಂದು ಆರ್ಕೆಸ್ಟ್ರಾದ ಎಸ್‌ಎಸಿಡಿ ಹಾಕಿದ್ರು. ಮುಂದೆ ಪಿಟೀಲುಗಳು, ಅದು ಸರಿ, ನಡುವೆ ಒಂದು ಹಂತದಲ್ಲಿ ಎಲ್ಲರೂ ನುಡಿಸೋದನ್ನ ಒಟ್ಟಿಗೆ ನಿಲ್ಲಿಸ್ತಾರೆ, ಆಗ ಸದ್ದು ನಮ್ಮ ತಲೆ ದಾಟಿ ಹಿಂದಿನ ಗೋಡೆಗೆ ಹೋಗಿ ಕರಗ್ತಾ ಕರಗ್ತಾ ಇಲ್ಲವಾಗುತ್ತೆ, ಆ ಸಭಾಂಗಣ ಎಷ್ಟು ಎತ್ತರ ಅಂತ ಅಂದಾಜು ಸಿಗುತ್ತೆ. ಇದಕ್ಕೆ ಕಣ್ಣು ಮುಚ್ಚೋ ಪರೀಕ್ಷೆ ಬೇಕಿಲ್ಲ. ಆದ್ರೆ ನಿಮ್ಮ ಹತ್ರ ಇರೋದು ಎರಡು ಸ್ಪೀಕರ್.

ನೀವು ಹಿಂದೂಸ್ತಾನಿ ಕೇಳೋರು ಅಂತಾನೂ ಬರೆದಿದೀರಿ. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ್ ಅವರ ಹಳೆ ಕಛೇರಿಗಳೆಲ್ಲ ಟೇಪ್‌ನಲ್ಲಿ ಆದದ್ದು, ಟೇಪಿನ ಹಿಸ್, ಅದೇ ಹಿಂದೆ ಸುಯ್ ಅಂತ ಬರೋ ಸದ್ದು, ಸಿಡಿಯ ಗದ್ದಲಕ್ಕಿಂತ ಎಷ್ಟೋ ಮೇಲಿರುತ್ತೆ, ಅದನ್ನ 192ಕ್ಕೆ ಏರಿಸಿದ್ರೆ ಹಿಸ್ ಇನ್ನೂ ಸ್ಪಷ್ಟವಾಗಿ ಬರುತ್ತೆ ಅಷ್ಟೇ. ಮುಂಬೈ ಕಾಳಾಘೋಡಾದ ಸಂಗೀತದ ಅಂಗಡಿ ರಿದಂ ಹೌಸ್ 2016ರಲ್ಲಿ ಮುಚ್ಚೋ ಮುಂಚೆ ಎಷ್ಟೋ ಶನಿವಾರ ಅಲ್ಲಿ ಕಳೆದಿದೀನಿ, ಹಿಂದೂಸ್ತಾನಿ ಸಾಲಿನಲ್ಲಿ ನನ್ನ ಕೈಗೆ ಸಿಕ್ಕಿದ್ದೆಲ್ಲ ಮಾಮೂಲಿ ಸಿಡಿಗಳೇ.

ಪ್ಲೇಯರ್ ತಗೊಳ್ಳೋದೇ ಆದ್ರೆ ಎಲ್ಲವನ್ನೂ ಓದೋ ಯೂನಿವರ್ಸಲ್ ಪ್ಲೇಯರ್ ತಗೊಳ್ಳಿ. ಇಂಥ ಪ್ಲೇಯರ್ ಮಾಡ್ತಿದ್ದ ಓಪ್ಪೋದವರು 2018ರಲ್ಲಿ ಕೈ ಬಿಟ್ರು, ಸೆಕೆಂಡ್‌ಹ್ಯಾಂಡ್‌ಗೆ ಈಗ ಬಾಯಿಗೆ ಬಂದ ರೇಟು. ಸೋನಿಯ ಯುಬಿಪಿ-ಎಕ್ಸ್800ಎಂ2 ಎಸ್‌ಎಸಿಡಿ, ಡಿವಿಡಿ-ಆಡಿಯೋ, ಬ್ಲೂ-ರೇ ಮೂರೂ ಓದುತ್ತೆ, ಆದ್ರೆ ಅದರಲ್ಲಿ ಮಾಮೂಲಿ ಆಂಪ್ಲಿಫೈಯರ್‌ಗೆ ನೇರವಾಗಿ ಸಿಕ್ಕಿಸೋ ಅನಲಾಗ್ ಔಟ್‌ಪುಟ್ ಇಲ್ಲ, ಎಚ್‌ಡಿಎಂಐ (ಟಿವಿಗೆ ಸಿಕ್ಕಿಸೋ ಥರದ ತಂತಿ) ಹಿಡಿಸೋ ಆಂಪ್ಲಿಫೈಯರ್, ಅಂದ್ರೆ ರಿಸೀವರ್ ಬೇಕು. ಎಸ್‌ಎಸಿಡಿಗೆ ಕಾಪಿ ತಡೆ ಜೋರು, ಸಾಮಾನ್ಯವಾಗಿ ಆಪ್ಟಿಕಲ್ ತಂತಿಯಲ್ಲಿ ಡಿಎಸ್‌ಡಿ ಪದರ ಹೊರಗೆ ಬಿಡಲ್ಲ, ಎಚ್‌ಡಿಎಂಐ ಇಲ್ಲಾ ಅನಲಾಗ್. ನಿಮ್ಮ ಆಂಪ್ಲಿಫೈಯರ್ ಹಿಂದೆ ಏನೇನು ತೂತಿದೆ ನೋಡ್ಕೊಂಡು ಆಮೇಲೆ ಮುಂದುವರೀರಿ.

ಜಪಾನಿಂದ ಯಾರೋ ತಂದ ಪ್ಲೇಯರ್ ಅಗ್ಗಕ್ಕೆ ಸಿಗ್ತಿದೆ ಅಂದ್ರೆ ಹಿಂದಿನ ಚೀಟಿ ಓದಿ. ಅಲ್ಲಿ 100 ವೋಲ್ಟ್, ನಮ್ಮಲ್ಲಿ 230. ಭಾವ ಉತ್ಸಾಹದಲ್ಲಿ ಚಪ್ಪಟೆ ಪಿನ್‌ಗೆ, ಪಿನ್ ಆಕಾರ ಮಾತ್ರ ಬದಲಿಸೋ ಕನ್ವರ್ಟರ್ ಪ್ಲಗ್ ಸಿಕ್ಕಿಸಿ ಸ್ವಿಚ್ ಒತ್ತಿದ್ರು, ಟಪ್ ಅಂತ ಒಂದು ಸದ್ದು, ಸುಟ್ಟ ಬೆಲ್ಲದಂಥ ವಾಸನೆ, ಅಷ್ಟೇ. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ನಾನೇ ಹೊತ್ಕೊಂಡು ಹೋದೆ, ರಿಪೇರಿಯವನು ಮುಚ್ಚಳ ತೆಗೆದು ಉಬ್ಬಿ ಒಡೆದ ಕೆಪಾಸಿಟರ್ ತೋರಿಸಿ, ಸಾಬ್ ಯೇ ಸೌ ವೋಲ್ಟ್ ಕಾ ಹೈ ನಾ, ಅಂದು ನಕ್ಕ. ಪವರ್ ಬೋರ್ಡ್‌ಗೆ 6 ಸಾವಿರ, ಜೊತೆಗೆ 230ನ್ನ 100ಕ್ಕೆ ಇಳಿಸೋ, ಇಟ್ಟಿಗೆಯಷ್ಟು ಭಾರದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್.

ನಿಮ್ಮ ಜಾಗದಲ್ಲಿ ನಾನಿದ್ರೆ ಆ 60 ಸಾವಿರದಲ್ಲಿ 40 ಸಾವಿರ ಸ್ಪೀಕರ್‌ಗೆ ಹಾಕ್ತೀನಿ, ಒಂದೈದು ಸಾವಿರಕ್ಕೆ ದಪ್ಪ ಪರದೆ ಮತ್ತೆ ಒಂದು ಜಮಖಾನೆ, ಉಳಿದದ್ದರಲ್ಲಿ ಒಳ್ಳೆ ಮಾಸ್ಟರಿಂಗ್ ಇರೋ ಸಿಡಿ ಹುಡುಕಿ ತಗೋತೀನಿ. ಇಲ್ಲ, ಎಸ್‌ಎಸಿಡಿ ಆಸೆ ತೀರಿಸ್ಕೊಳ್ಳೇಬೇಕು ಅನಿಸಿದ್ರೆ ಒಂದು ಭಾನುವಾರ ಡೊಂಬಿವಿಲಿಗೆ ಬನ್ನಿ, ನಾಣ್ಯ ಚಿಮ್ಮಕ್ಕೆ ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ, ನಮ್ಮವಳು ಇನ್ನು ಆ ಕೆಲಸ ಮಾಡಲ್ಲ ಅಂದುಬಿಟ್ಟಿದಾಳೆ.