ಹಳೇ ಧಾರಾವಾಹಿಗೆ ಕಣ್ಣು ತುಂಬುವುದು ಸಹಜವೇ?

15ನೇ ವಯಸ್ಸಿನಲ್ಲಿ ನೋಡಿದ ಧಾರಾವಾಹಿಯ ಶೀರ್ಷಿಕೆ ಗೀತೆ ಕೇಳಿದರೆ ಈಗಲೂ ಅಳು ಬರುತ್ತದೆ, ಅದು ಬರೀ ಕಥೆ ಅಲ್ವಾ, ನನಗೇನಾಗಿದೆ ಎಂದು ಕೇಳಿದ್ದೀರಿ. ಏನೂ ಆಗಿಲ್ಲ. ಇದು ತುಂಬಾ ಸಹಜ.

ಕಥೆ ಕಟ್ಟಿದ್ದಿರಬಹುದು, ನಿಮ್ಮ ಒಡನಾಟ ನಿಜವಾದದ್ದು. ವಾರವಾರವೂ ಅದೇ ಹೊತ್ತಿಗೆ ಅದೇ ಮುಖಗಳು, ಅದೇ ದನಿಗಳು. ಮನಸ್ಸು ಅವರನ್ನು ಪರಿಚಯದವರ ಸಾಲಿಗೆ ಸೇರಿಸಿಕೊಳ್ಳುತ್ತದೆ. ಟಿವಿ ಇನ್ನೂ ಹೊಸದಾಗಿದ್ದ 1956ರಲ್ಲೇ ಅಮೆರಿಕದ ಸಂಶೋಧಕರಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಈ ಒಮ್ಮುಖ ಆತ್ಮೀಯತೆಯ ಬಗ್ಗೆ ಬರೆದಿದ್ದರು. ಆ ಕಡೆಯವರಿಗೆ ನಾವು ಗೊತ್ತೇ ಇಲ್ಲ. ಆದರೂ ನಮಗೆ ಅವರು ಆಪ್ತರು.

ವಯಸ್ಸಿನ ಪಾಲೂ ಜಾಸ್ತಿ ಇದೆ. ನಡುವಯಸ್ಸು ದಾಟಿದವರನ್ನು ಹಳೆಯದು ನೆನಪಿಸಿಕೊಳ್ಳಿ ಎಂದರೆ, ಸುಮಾರು 10ರಿಂದ 30 ವರ್ಷದ ನಡುವಿನ ನೆನಪುಗಳೇ ಹೆಚ್ಚಾಗಿ ಬರುತ್ತವೆ. ನಾವು ಯಾರು ಎಂದು ಹುಡುಕಿಕೊಳ್ಳುವ ಕಾಲ ಅದು. ಆಗ ಒಂದು ಪಾತ್ರ ಧೈರ್ಯ ತೋರಿಸಿದರೆ ಅದು ನಮ್ಮೊಳಗೆ ಇಳಿದುಬಿಡುತ್ತದೆ. ಹಾಗಾಗಿ ಆ ಹಾಡು ಬಂದಾಗ ಕಥೆ ಮಾತ್ರ ಬರುವುದಿಲ್ಲ. ಪಕ್ಕದಲ್ಲಿ ಕೂತು ನೋಡುತ್ತಿದ್ದವರು, ಆಗಿನ ಭಯ, ಆಸೆ ಎಲ್ಲವೂ ಒಟ್ಟಿಗೆ ಬರುತ್ತವೆ. ನಿಮ್ಮ ಅಳುವಿನ ಹೆಚ್ಚಿನ ಪಾಲು ಅದಕ್ಕೇ ಇರಬೇಕು ಎಂದು ನನಗನ್ನಿಸುತ್ತದೆ.

ಮತ್ತೆ ನೋಡಬೇಕಾ ಎಂದೂ ಕೇಳಿದ್ದೀರಿ. ನೋಡಿ. ಕೆಲವು ಕಂತು ಸಪ್ಪೆ ಅನ್ನಿಸಬಹುದು, ಅಂದು ಇಷ್ಟವಾಗದ ತಾಯಿಯ ಪಾತ್ರವೇ ಇಂದು ಹೆಚ್ಚು ಅರ್ಥವಾಗಬಹುದು. ಸಾಧ್ಯವಾದರೆ ಅಂದು ಜೊತೆಗೆ ನೋಡಿದವರನ್ನೂ ಕರೆಯಿರಿ.